ಒಣ ನಾಲೆಯ ಈಜು

ಶನಿವಾರ ಬೆಳಿಗ್ಗೆ ಪ್ರವೀಣ್ ಕುಮಾರನ ತೋಟದ ಮೆಟ್ಟಿಲು ಬಾವಿಯ ಹತ್ತಿರ ನಾಲ್ಕಾರು ತಾಯಂದಿರು ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಹೊನ್ನಾಳಿಯಿಂದ ಒಬ್ಬಳು, ನ್ಯಾಮತಿ ಕಡೆಯಿಂದ ಬಸ್ಸು ಬದಲಿಸಿ ಒಬ್ಬಳು, ಉಳಿದವರು ಚನ್ನಗಿರಿ ಸುತ್ತಿನವರು. ಎಲ್ಲ ಆಟಿಸಂ ಇರುವ ಮಕ್ಕಳು. ನೀರಿಗೆ ಇಳಿಯುವವರು ಇಳಿಯುತ್ತಾರೆ. ಇಳಿಯದವರು ಪಕ್ಕದ ಕಣದಲ್ಲಿ ಚೆಂಡು ಎಸೆಯುತ್ತಾರೆ, ಓಡುತ್ತಾರೆ, ಇಲ್ಲವೇ ಸುಮ್ಮನೆ ನಿಂತಲ್ಲೇ ಸುತ್ತುತ್ತಾರೆ. ಹೊಸದಾಗಿ ಬಂದ ತಾಯಿ ಚೀಲದಿಂದ ಡಾಕ್ಟರ ಚೀಟಿ ತೆಗೆಯಲು ಹೋದರೆ ಅಲ್ಲಿ ಈಜು ಕಲಿಸುವ ಮುದುಕಿ ಕೊಲ್ಲಾಪುರಮ್ಮ ಬೇಡ ಅನ್ನುತ್ತಾಳೆ. ಅವಳು ಕೇಳುವುದು ಒಂದೇ ಮಾತು.

"ಕೂಸು ಏನು ಇಷ್ಟಪಟ್ಟು ತಿಂತೈತೆ?"

"ಏನೂ ತಿನ್ನಲ್ಲ ಅಜ್ಜಿ. ಬರೀ ಹುರಿಗಡಲೆ."

"ಹಂಗಾದ್ರೆ ಹುರಿಗಡಲೇನೇ ತಗಂಡು ಬಾ. ಒಂದು ಡಬ್ಬಿಗೆ ಹಾಕ್ಕಂಡು ಬಾ. ಆಮೇಲೆ ಮಾತ್ರ ಆ ಡಬ್ಬಿ ಬದಲಿಸಬ್ಯಾಡ."

ಡಬ್ಬಿ ಯಾಕೆ ಬದಲಿಸಬಾರದು ಅನ್ನುವುದು ಊರಿಗೆಲ್ಲ ಗೊತ್ತು. ಅದು ಗೊತ್ತಾದದ್ದು ಹೋದ ಮಳೆಗಾಲದಲ್ಲಿ.

ಕೊಲ್ಲಾಪುರಮ್ಮ ಹುಟ್ಟಿದ್ದು ಸೂಳೆಕೆರೆ ದಂಡೆಯ ಮೀನುಗಾರರ ಮನೆಯಲ್ಲಿ. ನಡೆಯಲು ಕಲಿತದ್ದು ಯಾವಾಗ, ಈಜಲು ಕಲಿತದ್ದು ಯಾವಾಗ ಅಂತ ಅವಳಿಗೆ ಬೇರೆ ಬೇರೆ ನೆನಪಿಲ್ಲ. ಅಪ್ಪ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ಕೆರೆಗೆ ಬಿಟ್ಟಿದ್ದ, ಕೆರೆ ಎತ್ತಿ ಹಿಡಿಯಿತು, ಅಷ್ಟೇ. ಮದುವೆಯಾಗಿ ಬಂದದ್ದು ಕತ್ತಲಗೆರೆ ಕಡೆಯ ಒಂದು ನಾಲೆ ಊರಿಗೆ. ಗಂಡ ಗಾದ್ರಪ್ಪ ಅಲ್ಲಿ ಸೌಡಿ. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಯಾವಾಗ ನೀರು ಹೋಗಬೇಕೋ ನೋಡಿಕೊಳ್ಳುವುದು ಅವನ ಕೆಲಸ. ಅವನು ತೀರಿಕೊಂಡ ಮೇಲೆ ಮಗ ಕೆಂಚೇಶ ಅದೇ ಕೆಲಸಕ್ಕೆ ನಿಂತ. ಹುಟ್ಟಿದ ಮನೆಯಲ್ಲೂ ನೀರಿನ ಮಾತು, ಸೇರಿದ ಮನೆಯಲ್ಲೂ ನೀರಿನ ಮಾತು.

ಆದರೆ ನಾಲೆಯ ನೀರನ್ನು ಅವಳು ಕೆರೆಯ ನೀರಿನಂತೆ ನಂಬಿದವಳಲ್ಲ. ಕೆರೆ ಒಂದು ಕಡೆ ನಿಂತಿರುತ್ತದೆ. ನಾಲೆ ನಡೆಯುತ್ತಲೇ ಇರುತ್ತದೆ. ಎರಡು ಕಡೆಯೂ ಇಳಿಜಾರು ಸಿಮೆಂಟು, ಅದರ ಮೇಲೆ ಪಾಚಿ. ಬಿದ್ದವರು ಅದನ್ನು ಹತ್ತಲು ಹೋಗಿ ಜಾರುತ್ತಾರೆ, ಮತ್ತೆ ಹತ್ತುತ್ತಾರೆ, ದಣಿದು ಮುಳುಗುತ್ತಾರೆ. ಅಲ್ಲಲ್ಲಿ ಬಟ್ಟೆ ಒಗೆಯಲು ಕಟ್ಟಿದ ಕಲ್ಲು ಮೆಟ್ಟಿಲುಗಳಿವೆ. ಮೇಲೆ ಬರಬೇಕಾದರೆ ಅಲ್ಲೇ ಬರಬೇಕು. ಈಜು ಬರುವವರಿಗೂ ಇಷ್ಟು ತಿಳಿಯದೆ ಹೋದದ್ದನ್ನು ಅವಳು ನೋಡಿದ್ದಳು.

ಅವಳ ಮನೆಯ ಎದುರಿಗೆ ಸಂಧ್ಯಾರಾಣಿಯ ಮನೆ. ಗಂಡ ಪ್ರವೀಣ್ ಕುಮಾರನಿಗೆ ಚನ್ನಗಿರಿಯ ಅಡಿಕೆ ಮಂಡಿಯಲ್ಲಿ ಕೆಲಸ. ಮೊದಲ ಬಸ್ಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವವನು. ಅವರಿಗೆ ಒಬ್ಬಳೇ ಮಗಳು, ಗಂಗೋತ್ರಿ, ಎಂಟು ವರ್ಷದವಳು. ಆಟಿಸಂ ಅಂತ ದಾವಣಗೆರೆಯ ಡಾಕ್ಟರು ಹೇಳಿದ್ದರು. ಹುಡುಗಿಗೆ ಮಾತಿರಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ. ಎಲ್ಲವೂ ನಿನ್ನೆ ಇದ್ದ ಹಾಗೆಯೇ ಇವತ್ತೂ ಇರಬೇಕು. ಚಪ್ಪಲಿ ಜೋಡಿಯಾಗಿ ಹೊಸಿಲಿನ ಎಡಗಡೆಗೇ ಬಿಡಬೇಕು. ತಟ್ಟೆಗೆ ಮೊದಲು ಪಲ್ಯ, ಆಮೇಲೆ ರೊಟ್ಟಿ. ರೊಟ್ಟಿ ಮೊದಲು ಬಿತ್ತೋ, ತಟ್ಟೆ ಅಂಗಳಕ್ಕೆ ಹೋಗುತ್ತಿತ್ತು.

ಇಷ್ಟೇ ಆಗಿದ್ದರೆ ಸಂಧ್ಯಾರಾಣಿ ಹೇಗೋ ಸಂಭಾಳಿಸುತ್ತಿದ್ದಳು. ಆದರೆ ಹುಡುಗಿ ಕಣ್ಣು ತಪ್ಪಿದರೆ ನಾಲೆಯ ದಂಡೆಗೆ ಹೋಗುತ್ತಿದ್ದಳು. ಯಾರೋ ಗದ್ದೆಗೆ ಹೋಗುವವರು ಕಂಡು ಎತ್ತಿಕೊಂಡು ಬರುತ್ತಿದ್ದರು. ಅದಕ್ಕೇ ಬಾಗಿಲ ಹೊರಗಡೆ, ಎತ್ತರದಲ್ಲಿ, ಒಂದು ಚಿಲಕ. ಒಳಗಿನಿಂದ ಹುಡುಗಿ ಕಿಟಕಿಯ ಸರಳಿಗೆ ಕೆನ್ನೆ ಒತ್ತಿ ನಿಂತಿರುವಳು. ಸಂಧ್ಯಾರಾಣಿ ಮದುವೆ ಮನೆಗೆ ಹೋಗುವುದನ್ನು ಬಿಟ್ಟಿದ್ದಳು, ಹೊನ್ನಾಳಿಯ ತವರಿಗೂ ಹೋಗುವುದನ್ನು ಬಿಟ್ಟಿದ್ದಳು. ಮಲಗಿದರೂ ಒಂದು ಕಿವಿ ಚಿಲಕದ ಮೇಲೆಯೇ.

ಬೇಸಿಗೆ ಬೆಳೆಯ ನೀರು ನಿಂತು ನಾಲೆ ಒಣಗಿದ ಮೇಲೆ ಒಂದು ದಿನ ಕೊಲ್ಲಾಪುರಮ್ಮ ಆ ಮನೆಯ ಕಟ್ಟೆಗೆ ಬಂದು ಕೂತಳು.

"ಸಂಧ್ಯಮ್ಮ, ಕೂಸಿಗೆ ಈಜು ಕಲಿಸ್ತೀನಿ."

ಸಂಧ್ಯಾರಾಣಿ ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ. "ತಲೆಗೆ ಒಂದು ತಂಬಿಗೆ ನೀರು ಹಾಕಿದ್ರೆ ಬೀದಿ ಮಂದಿ ಕೂಡೋ ಹಂಗೆ ಕೂಗ್ತಾಳೆ. ಇವಳಿಗೆ ಈಜಾ ಅಜ್ಜಿ?"

"ಹಾಕಿದ್ರೆ ಕೂಗ್ತಾಳೆ. ನಮ್ಮನೆ ದನದ ತೊಟ್ಟೀಲಿ ಕುತ್ತಿಗೆಮಟ ಕುಂತಿರ್ತಾಳಲ್ಲ, ಆವಾಗ ಕೂಗ್ತಾಳಾ?"

ಅದು ನಿಜವೇ. ತೊಟ್ಟಿಯಲ್ಲಿ ಕೂತಾಗ ಹುಡುಗಿಯ ಮುಖ ಬೇರೆಯೇ ಆಗುತ್ತಿತ್ತು.

"ಈಗಲೇ ನೀರು ಅಂದ್ರೆ ಓಡ್ತಾಳೆ" ಅಂದಳು ಸಂಧ್ಯಾರಾಣಿ. "ನೀವು ಇನ್ನೂ ರುಚಿ ಹತ್ತಿಸಿಬಿಟ್ರೆ? ನಾಳೆ ಏನಾದ್ರೂ ಆದ್ರೆ ನಾನು ಯಾರನ್ನ ಕೇಳ್ಲಿ?"

"ನನ್ನ ಕೇಳು."

ಅಂದುಬಿಟ್ಟಳು. ಮನೆಗೆ ಬಂದ ಮೇಲೆ ಆ ಮಾತು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ನಿಂತಿತು. ನಾಲೆಗೆ ಮತ್ತೆ ನೀರು ಬಿಡುವುದರೊಳಗೆ ಕೂಸು ತೇಲಬೇಕು. ತೇಲದಿದ್ದರೆ, ಇದ್ದ ಭಯಕ್ಕೆ ತಾನೇ ಇನ್ನಷ್ಟು ಸೇರಿಸಿದ ಹಾಗೆ.

ಪ್ರವೀಣ್ ಕುಮಾರನ ತೋಟದ ಬಾವಿಯಲ್ಲಿ ಮೊದಲ ದಿನವೇ ಎಡವಟ್ಟಾಯಿತು. ಕೊಲ್ಲಾಪುರಮ್ಮನ ತವರಿನಲ್ಲಿ ಹೊಸಬರು ನೀರಿಗಿಳಿಯುವ ಮುಂಚೆ ಗಂಗಮ್ಮನನ್ನು ನೆನೆದು ಮೂರು ಬೊಗಸೆ ನೀರು ತಲೆಗೆ ಹಾಕುತ್ತಾರೆ. ಹಾಕದೆ ಇಳಿಸುವುದುಂಟೇ? ತಾನೇ ಸಂಧ್ಯಾರಾಣಿಗೆ ಹೇಳಿದ ಮಾತು ಆ ಗಳಿಗೆಯಲ್ಲಿ ಮರೆತೇಹೋಯಿತು. ಮೊದಲ ಬೊಗಸೆ ಬಿದ್ದದ್ದೇ ತಡ, ಗಂಗೋತ್ರಿ ಕೂಗಿದ ಕೂಗಿಗೆ ತೆಂಗಿನ ಮರದ ಗಿಳಿಗಳೆಲ್ಲ ಹಾರಿದವು. ಅಜ್ಜಿಯ ಮುಂಗೈ ಕಚ್ಚಿ, ಮೆಟ್ಟಿಲು ಹತ್ತಿ ಓಡಿದಳು. ಒಂದು ವಾರ ತೊಟ್ಟಿಯ ಹತ್ತಿರವೂ ಸುಳಿಯಲಿಲ್ಲ. ಸಂಧ್ಯಾರಾಣಿ ಅಜ್ಜಿಯ ಮುಂಗೈಗೆ ಅರಿಸಿನ ಹಚ್ಚಿ ಹೋದಳು. ಬೈದಿದ್ದರೆ ವಾಸಿಯಾಗುತ್ತಿತ್ತು.

ಆಮೇಲೆ ಕೊಲ್ಲಾಪುರಮ್ಮ ಹುಡುಗಿಯನ್ನು ಕರೆಯುವುದನ್ನೇ ಬಿಟ್ಟಳು. ಬಾವಿಯ ನೀರಿನೊಳಗಿನ ಮೆಟ್ಟಿಲ ಮೇಲೆ ತಾನೇ ಕುತ್ತಿಗೆಮಟ ಕೂತಳು. "ಗಂಗಮ್ಮ, ಈ ಕೂಸಿನ ಪಾಲಿಂದೂ ನಾನೇ ಹಾಕ್ಕಂತೀನಿ" ಅಂತ ದಿನಾ ತನ್ನ ತಲೆಗೇ ಎರಡರಷ್ಟು ಹಾಕಿಕೊಂಡಳು. ಪಕ್ಕದ ಒಣ ಮೆಟ್ಟಿಲ ಮೇಲೆ ಒಂದು ಸ್ಟೀಲಿನ ಡಬ್ಬಿ, ಅದರ ತುಂಬ ಖಾರ ಮಂಡಕ್ಕಿ. ಗಂಗೋತ್ರಿಗೆ ಮಂಡಕ್ಕಿ ಅಂದರೆ ಜೀವ. ಸಂಧ್ಯಾರಾಣಿ ಮಗಳನ್ನು ಬಾವಿಯ ಮೇಲುಮೆಟ್ಟಿಲಲ್ಲಿ ಕೂರಿಸಿಕೊಂಡು ಕೈ ಹಿಡಿದಿರುತ್ತಿದ್ದಳು. ಒಂದು ದಿನ ಹುಡುಗಿ ಒಂದು ಮೆಟ್ಟಿಲು ಇಳಿದಳು, ಇನ್ನೊಂದು ದಿನ ಇನ್ನೊಂದು. ಕೊನೆಗೆ ಬಂದು ಅಜ್ಜಿಯ ಪಕ್ಕ ನೀರಲ್ಲಿ ಕೂತು ಕೈ ಒಡ್ಡಿದಳು.

ಬೆನ್ನಿಗೆ ಕಟ್ಟಲು ಸೋರೆಬುರುಡೆ ಸಿಗಲಿಲ್ಲ, ಎಣ್ಣೆಯ ಖಾಲಿ ಕ್ಯಾನು ಸಿಕ್ಕಿತು. ಹಳೇ ಸೀರೆ ಹರಿದು ಬಿಗಿಯಾಗಿ ಕಟ್ಟಿದರೆ ಹುಡುಗಿ ಬಿಡಿಸಿಕೊಳ್ಳುತ್ತಾಳೆ ಅಂದುಕೊಂಡಿದ್ದರು. ಬಿಗಿ ಅವಳಿಗೆ ಹಿತವಾಗಿತ್ತು. ಇನ್ನೂ ಬಿಗಿ ಮಾಡು ಅನ್ನುವ ಹಾಗೆ ಅಜ್ಜಿಯ ಕೈಯನ್ನು ಗಂಟಿನ ಮೇಲೆ ಒತ್ತುತ್ತಿದ್ದಳು. ಅಂಗಾತ ಮಲಗುವುದು, ಕಿವಿ ನೀರಲ್ಲಿ ಬಿಡುವುದು, ತೇಲುತ್ತ ಬಂದು ಕೈಗೆ ಕಲ್ಲು ತಾಗಿದರೆ ಹಿಡಿಯುವುದು, ಮೆಟ್ಟಿಲ ಮೇಲೆ ಕೂರುವುದು, ಕೈ ಒಡ್ಡುವುದು, ಮಂಡಕ್ಕಿ. ಒಮ್ಮೆ ಈ ಸಾಲು ಕೂತ ಮೇಲೆ ಅದರಲ್ಲಿ ಒಂದನ್ನೂ ತಪ್ಪಿಸಲು ಹುಡುಗಿ ಬಿಡಲಿಲ್ಲ. ಎಲ್ಲರೂ ಹಟ ಅನ್ನುತ್ತಿದ್ದ ಗುಣ ಇಲ್ಲಿ ಕೆಲಸಕ್ಕೆ ಬಂತು. ಕೆಲವು ವಾರಗಳಲ್ಲಿ ಕ್ಯಾನು ಬೇಡವಾಯಿತು.

ಗುರುವಾರಗಳಂದು ಚನ್ನಗಿರಿಯಿಂದ ದುರ್ಗಾಂಬಿಕಾ ಮೇಡಮ್ ಬರುತ್ತಿದ್ದರು. ಇಂಥ ಮಕ್ಕಳಿಗೆ ಮನೆಗೇ ಬಂದು ಕಲಿಸುವ ಟೀಚರು, ಬರದ ಸೀಮೆ ಜಗಳೂರಿನವರು. ಬಾವಿಯ ಹತ್ತಿರ ನಿಂತು ನೋಡಿ, "ನಮ್ಮೂರಲ್ಲಿ ಈಜಬೇಕು ಅಂದ್ರೆ ಮೊದ್ಲು ನೀರು ಹುಡುಕಬೇಕು ಅಜ್ಜಿ" ಅಂತ ನಕ್ಕರು. ಆಮೇಲೆ, "ಚೆನ್ನಾಗಿ ಕಲ್ತಿದಾಳೆ. ಆದ್ರೆ ಇವಳು ಕಲ್ತಿರೋದು ಈ ಬಾವಿ" ಅಂದರು.

"ಹಂಗಂದ್ರೆ?"

"ಮನೇಲಿ ತಾನೇ ಗುಂಡಿ ಹಾಕ್ಕೊಳ್ತಾಳೆ. ಅದೇ ಅಂಗಿ ನಿಮ್ಮ ಮನೇಲಿ ಕೊಟ್ರೆ ಗೊತ್ತೇ ಇಲ್ಲದವಳ ಹಂಗೆ ನಿಲ್ತಾಳೆ. ಜಾಗ ಬದಲಾದ್ರೆ ಇವಳಿಗೆ ಕೆಲಸಾನೇ ಬೇರೆ. ಇವಳು ಓಡೋದು ಬಾವಿಗಲ್ಲವಲ್ಲ, ನಾಲೆಗೆ. ನಾಲೇಲೇ ಕಲಿಸ್ರಿ."

"ನಾಲೇಲಿ ನೀರೆಲ್ಲೈತೆ ಮೇಡಮ್ನೋರೆ?"

"ಇಲ್ಲದಾಗಲೇ ಕಲಿಸ್ರಿ. ಬಂದ ಮೇಲೆ ಯಾರು ಇಳಿಸ್ತಾರೆ?"

ಕೊಲ್ಲಾಪುರಮ್ಮನಿಗೆ ಇದು ತಲೆ ಕೆಟ್ಟವರ ಮಾತು ಅನ್ನಿಸಿತು. ನೀರಿಲ್ಲದ ಕಡೆ ಈಜು ಕಲಿಸುವುದನ್ನು ಸೂಳೆಕೆರೆಯಲ್ಲಿ ಯಾರೂ ಕಂಡಿರಲಿಲ್ಲ. ಆದರೂ ಮೇಡಮ್ ಹೇಳಿದ ಗುಂಡಿಯ ಮಾತು ಮನಸ್ಸಿನಲ್ಲಿ ಉಳಿಯಿತು. ತೊಟ್ಟಿಯಲ್ಲಿ ಕೂರುವ ಕೂಸು ಬಾವಿಗೆ ಇಳಿಯಲು ಎಷ್ಟು ದಿನ ಹಿಡಿಯಿತು ಅನ್ನುವುದನ್ನು ನೆನೆಸಿಕೊಂಡಳು. ಮಾರನೇ ದಿನ ಡಬ್ಬಿ ಹಿಡಿದು, ಹುಡುಗಿಯನ್ನು ಕರೆದುಕೊಂಡು ಒಣ ನಾಲೆಗೆ ಇಳಿದಳು.

ಬೇವಿನ ಮರದ ಹತ್ತಿರ ಒಂದು ಮೆಟ್ಟಿಲು, ಸೇತುವೆಯ ಹತ್ತಿರ ಒಂದು, ತಿರುವು ದಾಟಿದ ಮೇಲೆ ಕೆಳಗಿನ ಮೆಟ್ಟಿಲು. ಬೇವಿನ ಮರದ ಮೆಟ್ಟಿಲಲ್ಲಿ ಚಪ್ಪಲಿ ಬಿಡಬೇಕು. ನಾಲೆಯ ತಳದಲ್ಲಿ ಅಂಗಾತ ಮಲಗಬೇಕು. ಕೊಲ್ಲಾಪುರಮ್ಮ ಕಂಕುಳಿಗೆ ಸೀರೆ ಕೊಟ್ಟು, ಒಣ ಎಲೆ ಮರಳಿನ ಮೇಲೆ ಹುಡುಗಿಯನ್ನು ನಿಧಾನ ಎಳೆಯುತ್ತ ಮುಂದಿನ ಮೆಟ್ಟಿಲಿಗೆ ತರುವಳು. ಕೈಗೆ ಕಲ್ಲು ತಾಗಬೇಕು, ಹಿಡಿಯಬೇಕು, ಕೂರಬೇಕು, ಕೈ ಒಡ್ಡಬೇಕು. ಹುಡುಗಿಗೆ ಮೊದಲು ಅರ್ಥವಾಗಲಿಲ್ಲ, ಎದ್ದು ಕೂರುತ್ತಿದ್ದಳು. ಆಗ ಅಜ್ಜಿಯೂ ಪಕ್ಕದಲ್ಲಿ ಅಂಗಾತ ಮಲಗಿ ತೋರಿಸಬೇಕಾಯಿತು.

ಆಡು ಕಾಯುವ ಪಾಲಣ್ಣ ದಂಡೆಯ ಮೇಲೆ ಓಡಿ ಬಂದು ಬಗ್ಗಿ ನೋಡಿದ. "ಥೂ ನಿನ್ನ. ನಾಲೇಲಿ ಎರಡು ಹೆಣ ಬಿದ್ದಾವೆ ಅಂತ ಎದ್ದೆನೋ ಬಿದ್ದೆನೋ ಅಂತ ಬಂದೆ."

"ಹೆಣಕ್ಕೆ ಎಲೆ ಅಡಿಕೆ ತಂದಿದೀಯಾ?" ಅಂದಳು ಕೊಲ್ಲಾಪುರಮ್ಮ, ಮಲಗಿದಲ್ಲಿಂದಲೇ.

ಬೊಮ್ಮಕ್ಕ ಅಂತ ಒಬ್ಬಳು, ಕೊಲ್ಲಾಪುರಮ್ಮನ ಓರಗೆಯವಳು, ಸೇತುವೆಯ ಮೇಲೆ ನಿಂತು ಹೋಗುವವರು ಬರುವವರಿಗೆಲ್ಲ ತೋರಿಸಿದಳು. "ನೋಡ್ರಿ, ನಮ್ಮ ಕೊಲ್ಲಾಪುರಿ ಮಣ್ಣಿನ ಮೇಲೆ ತೇಲ್ತಾಳೆ. ನೀರು ಬಂದ್ರೆ ಇನ್ನೇನು ಹಾರ್ತಾಳೋ."

"ನೀನೂ ಇಳಿ ಬೊಮ್ಮಕ್ಕ. ಮಂಡಕ್ಕಿ ಐತೆ."

"ಹಲ್ಲೆಲ್ಲಿ ಐತೆ ತಿನ್ನಾಕೆ?"

ಸಂಧ್ಯಾರಾಣಿಗೆ ಮೊದಮೊದಲು ತಲೆ ಎತ್ತಲಾಗುತ್ತಿರಲಿಲ್ಲ. ಆಮೇಲೆ ಡಬ್ಬಿ ಹಿಡಿದುಕೊಂಡು ಅವಳೂ ಬರತೊಡಗಿದಳು. ಬೆಳಿಗ್ಗೆ ನಾಲೆ, ಮಧ್ಯಾಹ್ನ ಬಾವಿ. ಮಳೆ ಶುರುವಾದ ಮೇಲೂ ಇದೇ ನಡೆಯಿತು.

ನೀರು ಬಿಡುವ ದಿನ ಗೊತ್ತಾಯಿತು. ನಾಳಿದ್ದು ಸಂಜೆಗೆ ನಮ್ಮ ನಾಲೆಗೆ ಬರುತ್ತದೆ ಅಂತ ಕೆಂಚೇಶ ಹೇಳಿದ. ಊರಿನವರು ಅದಕ್ಕೆ ಇನ್ನೊಂದು ದಿನ ಸೇರಿಸಿಕೊಂಡರು. ಯಾವಾಗಲೂ ಹಾಗೆಯೇ. ಮೇಲಿನ ಊರಿನವರು ನಾಲೆಗೆ ಪಂಪು ಇಟ್ಟು ಎಳೆದುಕೊಳ್ಳುತ್ತಾರೆ, ಕೆಳಗಿನವರಿಗೆ ಹೇಳಿದ ಹೊತ್ತಿಗೆ ನೀರು ಬಂದದ್ದೇ ಇಲ್ಲ. ಸೌಡಿಯ ಹೆಂಡತಿಯಾಗಿ ಬದುಕಿದ ಕೊಲ್ಲಾಪುರಮ್ಮನೂ ಹಾಗೆಯೇ ಲೆಕ್ಕ ಹಾಕಿದಳು. ಆದರೆ ಆ ವರ್ಷ ಮೇಲಿನ ಊರುಗಳಲ್ಲಿ ಒಳ್ಳೇ ಮಳೆ ಬಿದ್ದು ಗದ್ದೆಗಳೆಲ್ಲ ತುಂಬಿದ್ದವು. ಒಬ್ಬರೂ ಪಂಪು ಇಡಲಿಲ್ಲ. ನೀರು ತಡೆಯುವವರಿಲ್ಲದೆ ನೇರ ಇಳಿದು ಬಂತು, ಹೇಳಿದ್ದಕ್ಕಿಂತಲೂ ಮುಂಚೆ.

ಸಂಜೆಗೆ ನೀರು ಅಂದಿದ್ದ ದಿನ ಬೆಳಿಗ್ಗೆಯೇ ಕೆಂಚೇಶ ತೂಬಿನ ಹತ್ತಿರದಿಂದ ಫೋನು ಮಾಡಿದ. "ಅವ್ವಾ, ನೀರು ಬಂದ್ಬಿಟ್ಟೈತೆ. ಬೇವಿನ ಮರ ದಾಟೈತೆ. ದನ ಇಳಿಸಬ್ಯಾಡ್ರಿ ಅಂತ ಊರಾಗೆ ಹೇಳು."

ಕೊಲ್ಲಾಪುರಮ್ಮ ಫೋನು ಇಟ್ಟವಳೇ ಬರಿಗಾಲಲ್ಲಿ ಎದುರು ಮನೆಗೆ ನಡೆದಳು. ಬಾಗಿಲು ತೆರೆದಿತ್ತು. ಪ್ರವೀಣ್ ಕುಮಾರ ಬಸ್ಸಿಗೆ ಹೋಗುವಾಗ ಚಿಲಕ ಹಾಕದೆ ಬರೀ ಮುಂದಕ್ಕೆಳೆದು ಹೋಗಿದ್ದ. ಹೇಗೂ ಇನ್ನು ಸ್ವಲ್ಪ ಹೊತ್ತಿಗೆ ಎಲ್ಲ ನಾಲೆಗೆ ಹೊರಡುವವರೇ ಅಂತ ಆ ಮನೆಯಲ್ಲಿ ಬೆಳಗಿನ ಚಿಲಕ ಸಡಿಲವಾಗಿತ್ತು. ಹೊಸಿಲಿನ ಎಡಗಡೆ ಚಪ್ಪಲಿ ಇರಲಿಲ್ಲ.

"ಸಂಧ್ಯಮ್ಮ, ಕೂಸೆಲ್ಲಿ?"

ಸಂಧ್ಯಾರಾಣಿ ರೊಟ್ಟಿ ತಟ್ಟುತ್ತಿದ್ದಳು. ಕೇಳಿದವಳ ಮುಖ ನೋಡಿ ಹಾಗೇ ಎದ್ದಳು, ಕೈ ತುಂಬ ಹಿಟ್ಟು.

ಬೇವಿನ ಮರದ ಮೆಟ್ಟಿಲಲ್ಲಿ ಚಪ್ಪಲಿ ಜೋಡಿಯಾಗಿ ಇದ್ದವು. ಕೆಳಗೆ ಕೆಂಪು ನೀರು, ಎದೆಮಟ, ಒಣ ಎಲೆ, ಹುಲ್ಲು, ನೊರೆ, ಬಾಟಲಿ ಎಲ್ಲವನ್ನೂ ಹೊತ್ತು ಹೋಗುತ್ತಿತ್ತು. ಸಂಧ್ಯಾರಾಣಿ ಹಾಗೇ ಇಳಿಯಲು ಹೋದಳು. ಕೊಲ್ಲಾಪುರಮ್ಮ ರಟ್ಟೆ ಹಿಡಿದು ಎಳೆದಳು.

"ನಿನಗೆ ಬರಲ್ಲ. ನೀನೂ ಬಿದ್ರೆ ನಾನು ಇಬ್ಬರನ್ನ ಹುಡುಕಬೇಕು. ದಂಡೆ ಹಿಡ್ಕಂಡು ಓಡು."

ಓಡಿದರು. ನನ್ನ ಕೇಳು ಅಂದಿದ್ದೆ, ನನ್ನ ಕೇಳು ಅಂದಿದ್ದೆ ಅಂತ ಕೊಲ್ಲಾಪುರಮ್ಮನ ಒಳಗೆ ಅದೊಂದೇ ಮಾತು, ಹೆಜ್ಜೆಗೊಂದು ಸಲ. ಸೇತುವೆಯ ಮೆಟ್ಟಿಲಲ್ಲಿ ಯಾರೂ ಇರಲಿಲ್ಲ. ಅಲ್ಲಿ ಕಸ ಬಂದು ರಾಶಿ ಕಟ್ಟಿತ್ತು, ಕಲ್ಲು ಕಾಣುತ್ತಲೇ ಇರಲಿಲ್ಲ. ಕೊಲ್ಲಾಪುರಮ್ಮ ಸೇತುವೆಯ ಕಂಬ ಹಿಡಿದು ನಿಂತಳು. ಸಂಧ್ಯಾರಾಣಿ ಮಾತ್ರ ನಿಲ್ಲಲಿಲ್ಲ.

ಆಗ ತಿರುವಿನ ಆಚೆಯಿಂದ ಬೊಮ್ಮಕ್ಕನ ದನಿ ಕೇಳಿಸಿತು. ಕಿರುಚುವ ದನಿಯಲ್ಲ, ಬೈಯುವ ದನಿ.

"ಅಲ್ಲ ಕಣೇ, ನನ್ನ ಹತ್ರ ಏನೈತೆ ಅಂತ ಕೈ ಒಡ್ತೀಯ?"

ಕೆಳಗಿನ ಮೆಟ್ಟಿಲಲ್ಲಿ, ಬೊಮ್ಮಕ್ಕನ ಬಟ್ಟೆ ಗಂಟಿನ ಪಕ್ಕದಲ್ಲಿ, ಗಂಗೋತ್ರಿ ಕೂತಿದ್ದಳು. ಮೈಯೆಲ್ಲ ನೀರು, ಕೂದಲಲ್ಲಿ ಹುಲ್ಲಿನ ಕಡ್ಡಿ. ಅಂಗೈ ಮುಂದಕ್ಕೆ ಚಾಚಿದ್ದಳು.

"ಬಾಳೆ ದಿಂಡಿನ ಹಂಗೆ ಅಂಗಾತ ಬಂದ್ಲು" ಅಂತ ಬೊಮ್ಮಕ್ಕ ಹೇಳಿದಳು, ಬಂದವರಿಗೆಲ್ಲ ಮತ್ತೆ ಮತ್ತೆ. "ನಾನು ಎದೆ ಒಡ್ಕಂಡು ಕೈ ಕೊಟ್ರೆ ನನ್ನ ಕೈ ನೂಕಿದ್ಲು. ತಾನೇ ಕಲ್ಲು ಹಿಡಿದ್ಲು, ತಾನೇ ಹತ್ತಿ ಕುಂತ್ಲು. ಕುಂತವಳು ಕೈ ಒಡ್ಡಿದ್ಲು. ಎಲೆ ಅಡಿಕೆ ಇಟ್ರೆ ನಾಲೆಗೆ ಎಸೆದ್ಲು ಕಣ್ರೀ."

ಸಂಧ್ಯಾರಾಣಿ ಮಗಳನ್ನು ಹಿಟ್ಟಿನ ಕೈಯಲ್ಲೇ ತಬ್ಬಿಕೊಂಡಿದ್ದಳು. ತಬ್ಬಿದರೆ ಕೊಸರುವ ಹುಡುಗಿ ಅವತ್ತು ಕೊಸರಲಿಲ್ಲ. ಬಿಗಿ ಹಿತವಾಗಿತ್ತೋ ಏನೋ. ಆದರೆ ಅಮ್ಮನ ಹೆಗಲ ಮೇಲಿಂದ ಅಂಗೈ ಹಾಗೇ ಚಾಚಿಕೊಂಡಿತ್ತು, ಕೊಲ್ಲಾಪುರಮ್ಮನ ಕಡೆಗೆ.

ಡಬ್ಬಿ ಮನೆಯಲ್ಲಿತ್ತು. ಏಳು ಅಂದರೆ ಹುಡುಗಿ ಏಳಲಿಲ್ಲ. ಎತ್ತಲು ಹೋದರೆ ಕಲ್ಲು ಅವುಚಿ ಹಿಡಿದಳು. ಸುದ್ದಿ ಕೇಳಿ ಬೈಕಿನಲ್ಲಿ ಬಂದ ಕೆಂಚೇಶ ಕತ್ತಲಗೆರೆಯ ಹೋಟೆಲಿಗೆ ಹೋಗಿ ಪೊಟ್ಟಣದಲ್ಲಿ ಮಂಡಕ್ಕಿ ತಂದ. ಗಂಗೋತ್ರಿ ಪೊಟ್ಟಣ ನೋಡಿದಳು, ಕೈ ಹಿಂದಕ್ಕೆ ತೆಗೆದುಕೊಂಡಳು. ಪೊಟ್ಟಣ ಸರಿದ ಮೇಲೆ ಮತ್ತೆ ಚಾಚಿದಳು.

"ಡಬ್ಬಿ ಬೇಕಂತೆ ಕಣೋ ಅವಳಿಗೆ" ಅಂದ ಪಾಲಣ್ಣ.

"ಈಗ ಮನೆಗೆ ಹೋಗಿ ಡಬ್ಬಿ ತರ್ಲಾ ನಾನು?"

"ತರ್ದೇ ಇನ್ನೇನು? ನಾಲೆ ನೀರು ಮುಂಚೆ ಬಿಟ್ಟೋನು ನೀನಲ್ವಾ?" ಅಂದಳು ಬೊಮ್ಮಕ್ಕ.

ಕೆಂಚೇಶ ಹೋದ. ಅವನು ಬರುವವರೆಗೆ ಎಲ್ಲರೂ ಆ ಮೆಟ್ಟಿಲ ಮೇಲೆ, ದಂಡೆಯ ಮೇಲೆ ಕೂತರು. ಯಾರಿಗೂ ಅವಸರವಿರಲಿಲ್ಲ. ಯಾರೋ ನಗತೊಡಗಿದರು, ಅದು ಒಬ್ಬರಿಂದ ಒಬ್ಬರಿಗೆ ಹೋಗಿ ಕೊನೆಗೆ ಸಂಧ್ಯಾರಾಣಿಗೂ ಬಂತು. ಅಳುವುದು ಯಾವುದು ನಗುವುದು ಯಾವುದು ಅಂತ ತಿಳಿಯದ ಹಾಗೆ ಬಂತು. ಕೊಲ್ಲಾಪುರಮ್ಮ ನಾಲೆಗೆ ಬಗ್ಗಿ ಬೊಗಸೆಯಲ್ಲಿ ನೀರು ತೆಗೆದು ತನ್ನ ತಲೆಗೆ ಹಾಕಿಕೊಂಡಳು. ಕೂಸಿನ ಪಾಲಿನದನ್ನೂ ಹಾಕಿಕೊಂಡಳು.

ಡಬ್ಬಿ ಬಂತು. ಕೊಲ್ಲಾಪುರಮ್ಮ ಪೊಟ್ಟಣದ ಮಂಡಕ್ಕಿ ಡಬ್ಬಿಗೆ ಸುರಿದು, ಮುಚ್ಚಳ ಮುಚ್ಚಿ, ಮತ್ತೆ ತೆಗೆದು, ಅಂಗೈಗೆ ಹಾಕಿದಳು. ಗಂಗೋತ್ರಿ ತಿಂದಳು. ತಿಂದು ಕೈ ಒರೆಸಿಕೊಂಡು ಎದ್ದಳು. ಯಾರಿಗೂ ಕಾಯದೆ ದಂಡೆ ಹಿಡಿದು ಬೇವಿನ ಮರದ ಕಡೆಗೆ ನಡೆದಳು. ಅಲ್ಲಿ ಚಪ್ಪಲಿ ಇತ್ತಲ್ಲ.

ಮಧ್ಯಾಹ್ನ ದುರ್ಗಾಂಬಿಕಾ ಮೇಡಮ್ ಫೋನಿನಲ್ಲಿ ಎಲ್ಲ ಕೇಳಿಸಿಕೊಂಡರು. "ತೇಲಿದ್ದು ನಿಜ. ಹಂಗಂತ ಕಾವಲು ಬಿಡಬ್ಯಾಡ್ರಿ" ಅಂದರು. ಕೊಲ್ಲಾಪುರಮ್ಮ ಅದಕ್ಕೆ ಒಪ್ಪಿದಳು. "ಒಣ ನಾಲೆಗೆ ಇಳಿಸಿದ್ದು ನೀವು ಮೇಡಮ್ನೋರೆ. ನಾನಾಗಿದ್ರೆ ಬಾವೀಲೇ ಇರ್ತಿದ್ದೆ" ಅಂತಲೂ ಹೇಳಿದಳು.

ಫೋನು ಇಟ್ಟ ಹೊತ್ತಿಗೆ ಸಂಧ್ಯಾರಾಣಿ ಬಾಗಿಲಲ್ಲಿ ಬಂದು ನಿಂತಿದ್ದಳು. ಮಗಳ ಕೈ ಹಿಡಿದಿದ್ದಳು.

"ಅಜ್ಜಿ, ನಿಮ್ಮನ್ನೇ ಕೇಳು ಅಂದಿದ್ರಿ."

ಕೊಲ್ಲಾಪುರಮ್ಮ ಕೂತಲ್ಲಿಂದ ಎದ್ದಳು. "ಕೇಳವ್ವ" ಅಂದಳು.

"ನಾನು ಒಂದಿಷ್ಟು ಹೊತ್ತು ಮಲ್ಕಂತೀನಿ. ಇವಳನ್ನ ನೋಡ್ಕಂತೀರಾ?"

ಹುಡುಗಿಯ ಕೈ ಅಜ್ಜಿಯ ಕೈಗೆ ಬಂತು. ಸಂಧ್ಯಾರಾಣಿ ಬೀದಿ ದಾಟಿ ಮನೆಗೆ ಹೋದಳು. ಗಂಗೋತ್ರಿ ದನದ ತೊಟ್ಟಿಯಲ್ಲಿ ಕುತ್ತಿಗೆಮಟ ಕೂತಳು, ಕೊಲ್ಲಾಪುರಮ್ಮ ಪಕ್ಕದ ಕಲ್ಲಿನ ಮೇಲೆ ಡಬ್ಬಿ ಇಟ್ಟುಕೊಂಡು ಕೂತಳು. ಎದುರು ಮನೆಯ ಬಾಗಿಲು ತೆರೆದೇ ಇತ್ತು. ಅಡಿಗೆಮನೆಯಲ್ಲಿ ಬೆಳಗಿನ ಹಿಟ್ಟು ಹಾಗೇ ಒಣಗುತ್ತಿತ್ತು, ಪಡಸಾಲೆಯ ಚಾಪೆಯ ಮೇಲೆ ಸಂಧ್ಯಾರಾಣಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. ದೀಪ ಹಚ್ಚುವ ಹೊತ್ತಿಗೆ ಗಂಡ ಬಂದಾಗಲೂ ಅವಳಿಗೆ ಎಚ್ಚರವಿರಲಿಲ್ಲ. ಎಬ್ಬಿಸಬ್ಯಾಡ ಅಂತ ಕೊಲ್ಲಾಪುರಮ್ಮ ಅವನಿಗೆ ಕೈ ಸನ್ನೆ ಮಾಡಿದಳು.